ಒಬ್ಬರ ದುಡಿಮೆಯ ಮನೆ: ಯಾವ ಆಯ್ಕೆ ಯಾವಾಗ ಹೊಂದುತ್ತದೆ?

ಒಬ್ಬರ ದುಡಿಮೆಯಿಂದ ನಡೆಯುವ ಮನೆಗೆ ಎರಡು ಬಂಡವಾಳಗಳಿರುತ್ತವೆ. ಒಂದು, ಹೊರಗಿನಿಂದ ಬರುವ ಹಣ. ಇನ್ನೊಂದು, ಮನೆಯಲ್ಲಿ ಉಳಿದವರ ಸಮಯ ಮತ್ತು ಶ್ರಮ. ಮೊದಲನೆಯದನ್ನು ಎಲ್ಲರೂ ಎಣಿಸುತ್ತಾರೆ, ಎರಡನೆಯದನ್ನು ಎಣಿಸುವವರು ಕಡಿಮೆ. ಮಿತವ್ಯಯದ ಹೆಸರಿನಲ್ಲಿ ನಡೆಯುವ ಅನೇಕ ತಪ್ಪು ನಿರ್ಧಾರಗಳು, ಮನೆಯಲ್ಲಿರುವವರ ಗಂಟೆಗಳಿಗೆ ಬೆಲೆಯೇ ಇಲ್ಲವೆಂದು ಭಾವಿಸುವುದರಿಂದ ಹುಟ್ಟುತ್ತವೆ ಎಂಬುದು ನಾನು ವರ್ಷಗಳ ಲೆಕ್ಕದಿಂದ ಕಂಡುಕೊಂಡ ಮಾತು. ಆದ್ದರಿಂದ ಮುಂದೆ ಬರುವ ಪ್ರತಿಯೊಂದು ಹೋಲಿಕೆಯಲ್ಲೂ ಮೂರು ಪ್ರಶ್ನೆಗಳನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ: ಈ ಆಯ್ಕೆಯಿಂದ ಪ್ರತಿ ತಿಂಗಳೂ ತಪ್ಪದೆ ಕೊಡಬೇಕಾದ ಮೊತ್ತ ಏರುತ್ತದೆಯೇ? ಇದು ಯಾರ ಎಷ್ಟು ಗಂಟೆಗಳನ್ನು ಬೇಡುತ್ತದೆ? ಕೆಲವು ತಿಂಗಳ ನಂತರ ತಪ್ಪೆನಿಸಿದರೆ ಹಿಂದೆ ಸರಿಯಲು ದಾರಿಯಿದೆಯೇ?

ಮೊದಲ ಪ್ರಶ್ನೆಗೆ ಇಂಥ ಮನೆಯಲ್ಲಿ ವಿಶೇಷ ತೂಕವಿದೆ. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೂ ಆದಾಯದ ಒಂದು ಭಾಗ ಉಳಿಯುತ್ತದೆ. ಇಲ್ಲಿ ಆದಾಯ ನಿಂತರೆ ಪೂರ್ತಿಯಾಗಿ ನಿಲ್ಲುತ್ತದೆ. ಬಾಡಿಗೆ, ಸಾಲದ ಕಂತು, ಶುಲ್ಕ, ಚಂದಾ ಇವು ಅಂದು ಕಾಯುವುದಿಲ್ಲ. ದಿನದ ಸಣ್ಣ ಖರ್ಚನ್ನು ನಾಳೆಯೇ ತಗ್ಗಿಸಬಹುದು, ಸಹಿ ಹಾಕಿ ಒಪ್ಪಿಕೊಂಡ ಕಂತನ್ನು ತಗ್ಗಿಸಲಾಗದು. ಹಾಗಾಗಿ ಅಂಗಡಿಯಲ್ಲಿ ನಾಲ್ಕು ಕಾಸು ಉಳಿಸುವುದರಲ್ಲಿ ತೋರಿಸುವ ಎಚ್ಚರವನ್ನು, ಹೊಸ ಕಂತಿಗೆ ಒಪ್ಪುವ ಆ ಒಂದು ದಿನ ಹತ್ತು ಪಟ್ಟು ತೋರಿಸಬೇಕು.

ಲೆಕ್ಕ ಇಡುವ ವಿಧಾನಗಳು

ಹೆಚ್ಚು ಪ್ರಚಾರದಲ್ಲಿರುವುದು ಪಾಲಿನ ವಿಧಾನ: ಕೈಗೆ ಬರುವ ಆದಾಯದಲ್ಲಿ ಶೇ. 50 ಅಗತ್ಯಗಳಿಗೆ, ಶೇ. 30 ಬಯಕೆಗಳಿಗೆ, ಶೇ. 20 ಉಳಿತಾಯಕ್ಕೆ ಮತ್ತು ಸಾಲ ತೀರಿಸುವುದಕ್ಕೆ. ಇದು ನೆನಪಿಡಲು ಸುಲಭ, ಆದರೆ ಒಬ್ಬರ ದುಡಿಮೆಯ ಮನೆಗೆ ಅಷ್ಟಾಗಿ ಹೊಂದುವುದಿಲ್ಲ. ಆದಾಯ ಕಡಿಮೆಯಾದಂತೆ ಆಹಾರಕ್ಕೆ ಹೋಗುವ ಪಾಲು ಹೆಚ್ಚುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಏಂಗೆಲ್ 1857ರಲ್ಲೇ ತೋರಿಸಿದ್ದರು. ನಾಲ್ಕು ಜನ ಒಂದು ಸಂಬಳದಲ್ಲಿ ಉಂಡು, ಉಟ್ಟು, ಓದುವ ಮನೆಯಲ್ಲಿ ಅಗತ್ಯಗಳೇ ಶೇ. 65ನ್ನೋ 70ನ್ನೋ ತಲುಪಿದರೆ ಅದು ಆ ಮನೆಯವರ ಅಶಿಸ್ತಿನ ಗುರುತಲ್ಲ. ಆ ಸೂತ್ರವನ್ನು ಮುಂದಿಟ್ಟುಕೊಂಡು ಪ್ರತಿ ತಿಂಗಳೂ ಸೋತೆನೆಂದು ಕೊರಗುವವರನ್ನು ಕಂಡಿದ್ದೇನೆ. ಅಳತೆಯ ಅಂಗಿ ಅವರದ್ದಲ್ಲ, ಅಷ್ಟೇ.

ಎರಡನೆಯದು ಲಕೋಟೆಯ ವಿಧಾನ. ಆಯಾ ಬಾಬಿಗೆ ಮೀಸಲಾದ ಹಣವನ್ನು ಬೇರೆ ಬೇರೆ ಲಕೋಟೆಗಳಲ್ಲಿಟ್ಟು, ಒಂದು ಬರಿದಾದರೆ ಆ ತಿಂಗಳಿಗೆ ಆ ಖರ್ಚು ಮುಗಿಯಿತೆಂದು ಒಪ್ಪಿಕೊಳ್ಳುವುದು ಇದರ ಕ್ರಮ. ಹಣ ಎಲ್ಲಿಟ್ಟರೂ ಹಣವೇ ಆದರೂ ಮನಸ್ಸು ಅದನ್ನು ಬೇರೆ ಬೇರೆ ಖಾತೆಗಳಾಗಿ ಕಾಣುತ್ತದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರ ದಶಕದಲ್ಲಿ ವಿವರವಾಗಿ ಬರೆದ ಈ ಮನೋಸ್ವಭಾವವನ್ನೇ ಲಕೋಟೆ ತನ್ನ ಅನುಕೂಲಕ್ಕೆ ಬಳಸಿಕೊಳ್ಳುತ್ತದೆ. ಕೈ ಜಾರುವ ಬಾಬುಗಳಿಗೆ, ಅಂದರೆ ದಿನಸಿ, ಹೊರಗಿನ ತಿಂಡಿ, ಬಟ್ಟೆ ಇಂಥವಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬಾಡಿಗೆಗೋ ವಿದ್ಯುತ್ ಬಿಲ್ಲಿಗೋ ಲಕೋಟೆ ಮಾಡುವುದು ವ್ಯರ್ಥ ಕೆಲಸ, ಅವು ಹೇಗೂ ಹೋಗುವ ಹಣ.

ಮೂರನೆಯದು, ಬಂದ ಪ್ರತಿ ಕಾಸಿಗೂ ತಿಂಗಳ ಆರಂಭದಲ್ಲೇ ಒಂದು ಕೆಲಸ ಹಚ್ಚಿ ಉಳಿಕೆಯನ್ನು ಸೊನ್ನೆಗೆ ತರುವ ವಿಧಾನ. ಇದಕ್ಕೆ ಹೆಚ್ಚು ಸಮಯ ಬೇಕು, ಆದರೆ ಆದಾಯ ಏರಿಳಿಯುವ ಮನೆಗೆ ಇದೇ ತಕ್ಕದ್ದು. ಅಂಥವರು ಕಳೆದ 12 ತಿಂಗಳಲ್ಲಿ ಅತ್ಯಂತ ಕಡಿಮೆ ಬಂದ ತಿಂಗಳನ್ನು ಆಧಾರವಾಗಿಟ್ಟುಕೊಂಡು ಖರ್ಚನ್ನು ನಿಗದಿಪಡಿಸಬೇಕು. ಸರಾಸರಿಯನ್ನು ಆಧಾರವಾಗಿಸಿಕೊಂಡರೆ ಬಹುತೇಕ ಅರ್ಧದಷ್ಟು ತಿಂಗಳುಗಳಲ್ಲಿ ಕೊರತೆ ಖಚಿತ.

ಇವುಗಳಲ್ಲಿ ಯಾವುದನ್ನು ಆರಿಸಿದರೂ ಮೊದಲ ಮೂರು ತಿಂಗಳು ಏನನ್ನೂ ಬದಲಿಸದೆ ಬರೆದಿಡುವುದು ಒಳ್ಳೆಯದು. ಜಪಾನಿನ ಪತ್ರಕರ್ತೆ ಹಾನಿ ಮೊತೊಕೊ 1904ರಲ್ಲಿ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವೊಂದನ್ನು ರೂಪಿಸಿದರು. ಕೈಯಿಂದ ಬರೆಯುವ ಆ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಮೊಬೈಲ್ ಆ್ಯಪ್ ವೇಗವಾಗಿ ಕೂಡಿಸುತ್ತದೆ, ಪುಸ್ತಕ ನಿಧಾನವಾಗಿ ಯೋಚಿಸುವಂತೆ ಮಾಡುತ್ತದೆ. ಖರ್ಚು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದವರಿಗೆ ಪುಸ್ತಕ, ತಿಳಿದಿದ್ದು ಕೇವಲ ಕಾವಲು ಬೇಕಾದವರಿಗೆ ಆ್ಯಪ್ ಎಂದು ನಾನು ಹೇಳುತ್ತೇನೆ. ವಿಧಾನ ಯಾವುದಾದರೂ ಸರಿ, ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೆಲ್ಲ ಪಟ್ಟಿ ಮಾಡಿ, ಒಟ್ಟನ್ನು 12ರಿಂದ ಭಾಗಿಸಿ, ಆ ಮೊತ್ತವನ್ನು ಪ್ರತಿ ತಿಂಗಳೂ ಬೇರೆ ತೆಗೆದಿಡುವುದನ್ನು ಮರೆಯಬಾರದು. ‘ಅನಿರೀಕ್ಷಿತ’ ಎಂದು ನಾವು ಕರೆಯುವ ಖರ್ಚುಗಳಲ್ಲಿ ಬಹಳಷ್ಟು, ದಿನಾಂಕ ಸಮೇತ ಮೊದಲೇ ಗೊತ್ತಿರುವಂಥವು.

ಹಣ ಯಾರ ಕೈಯಲ್ಲಿರಬೇಕು

ಇದನ್ನು ಹಣಕಾಸಿನ ಪ್ರಶ್ನೆಯೆಂದು ಅನೇಕರು ಭಾವಿಸುವುದೇ ಇಲ್ಲ. ಆದರೆ ಮನೆಯ ನೆಮ್ಮದಿ ಉಳಿದೆಲ್ಲ ಹೋಲಿಕೆಗಳಿಗಿಂತ ಇದನ್ನೇ ಹೆಚ್ಚು ಅವಲಂಬಿಸಿದೆ. ಮೂರು ಪದ್ಧತಿಗಳು ಕಾಣುತ್ತವೆ. ದುಡಿಯುವವರ ಹೆಸರಿನಲ್ಲಿ ಒಂದೇ ಖಾತೆಯಿದ್ದು, ಮನೆ ನಡೆಸುವವರು ಬೇಕಾದಾಗ ಕೇಳಿ ಪಡೆಯುವುದು ಮೊದಲನೆಯದು. ತಿಂಗಳಿಗೊಮ್ಮೆ ನಿಗದಿತ ಮೊತ್ತವನ್ನು ಮನೆ ನಡೆಸುವವರಿಗೆ ಒಪ್ಪಿಸಿ, ಉಳಿದದ್ದನ್ನು ದುಡಿಯುವವರೇ ನೋಡಿಕೊಳ್ಳುವುದು ಎರಡನೆಯದು. ಇಬ್ಬರ ಹೆಸರಿನಲ್ಲೂ ಇರುವ ಒಂದು ಸಾಮಾನ್ಯ ಖಾತೆಗೆ ಆದಾಯವೆಲ್ಲ ಬಂದು, ಅದರಿಂದ ಇಬ್ಬರಿಗೂ ಸಮಾನವಾದ ಒಂದು ಸಣ್ಣ ಮೊತ್ತ ಅವರವರ ಸ್ವಂತ ಖಾತೆಗೆ ಲೆಕ್ಕ ಕೇಳದ ಹಣವಾಗಿ ಹೋಗುವುದು ಮೂರನೆಯದು.

ಕೇಳಿ ಪಡೆಯುವ ಪದ್ಧತಿಯಲ್ಲಿ ಖರ್ಚು ಕಡಿಮೆಯಾದಂತೆ ಕಾಣಬಹುದು, ಏಕೆಂದರೆ ಕೇಳಲು ಸಂಕೋಚಪಡುವವರು ತಮ್ಮ ಅಗತ್ಯಗಳನ್ನು ನುಂಗಿಕೊಳ್ಳುತ್ತಾರೆ. ಹಲ್ಲು ನೋವಿದ್ದರೂ ವೈದ್ಯರಲ್ಲಿಗೆ ಹೋಗದೆ ಮುಂದೂಡುವುದು ಉಳಿತಾಯವಲ್ಲ; ಅದು ಮುಂದೆ ಬಡ್ಡಿ ಸಮೇತ ಬರುವ ಖರ್ಚು. ನಿಗದಿತ ಮೊತ್ತದ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು, ಆದರೆ ಅದರಲ್ಲಿ ಒಂದು ಕುರುಡು ಮೂಲೆಯಿದೆ: ಮನೆ ನಡೆಸುವವರಿಗೆ ಒಟ್ಟು ಆದಾಯ, ಸಾಲ, ವಿಮೆ, ಹೂಡಿಕೆ ಇವುಗಳ ಅರಿವೇ ಇರುವುದಿಲ್ಲ. ಬೆಲೆಗಳು ಏರಿದರೂ ಆ ಮೊತ್ತ ಹಳೆಯದೇ ಆಗಿ ಉಳಿದಿದ್ದರೆ ಕೊರತೆಯ ಭಾರವೆಲ್ಲ ಒಬ್ಬರ ಹೆಗಲ ಮೇಲೆ ಬೀಳುತ್ತದೆ.

ಮೂರನೆಯ ಪದ್ಧತಿಯ ಪರವಾಗಿ ನಾನು ನಿಸ್ಸಂಕೋಚವಾಗಿ ನಿಲ್ಲುತ್ತೇನೆ. ಆದಾಯ ಒಬ್ಬರ ಹೆಸರಿನಲ್ಲಿ ಬಂದರೂ ಅದನ್ನು ಗಳಿಸಲು ಸಾಧ್ಯವಾಗಿರುವುದು ಇನ್ನೊಬ್ಬರು ಮನೆಯನ್ನು ಹೊತ್ತಿರುವುದರಿಂದ. ಲೆಕ್ಕ ಕೇಳದ ಹಣ ಎಷ್ಟೇ ಚಿಕ್ಕದಿರಲಿ, ಅದು ಇಬ್ಬರಿಗೂ ಒಂದೇ ಆಗಿರುವುದು ಮುಖ್ಯ. ಇದರ ಜೊತೆಗೆ ಖಾತೆಗಳ, ಪಾಲಿಸಿಗಳ, ಸಾಲಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ಸಿಗುವಲ್ಲಿ ಇಟ್ಟಿರಬೇಕು, ನಾಮನಿರ್ದೇಶನಗಳು ಸರಿಯಾಗಿವೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ದುಡಿಯುವವರು ಆಸ್ಪತ್ರೆಯಲ್ಲಿ ಮಲಗಿದ ದಿನ ಮನೆಯವರು ದಾಖಲೆ ಹುಡುಕುತ್ತ ಕೂರುವಂತಾಗಬಾರದು.

ಆಪತ್ತಿನ ನಿಧಿಯೋ, ಸಾಲ ತೀರಿಸುವುದೋ

ಕೈಯಲ್ಲಿ ಸ್ವಲ್ಪ ಹಣ ಮಿಕ್ಕಾಗ ಅದನ್ನು ಕೂಡಿಡಬೇಕೋ ಸಾಲಕ್ಕೆ ಕಟ್ಟಬೇಕೋ ಎಂಬುದಕ್ಕೆ ಬಡ್ಡಿದರವೇ ಉತ್ತರ ಹೇಳುತ್ತದೆ. ತಿಂಗಳಿಗೆ ಶೇ. 3ರ ಬಡ್ಡಿ ಕೇಳಲು ಸಣ್ಣದು. ಬಡ್ಡಿಯ ಮೇಲೆ ಬಡ್ಡಿ ಸೇರುತ್ತ ಹೋದರೆ ಅದು ವರ್ಷಕ್ಕೆ ಶೇ. 42ನ್ನು ಮೀರುತ್ತದೆ. ಅಷ್ಟು ಗಳಿಸಿಕೊಡುವ ಸುರಕ್ಷಿತ ಉಳಿತಾಯ ಎಲ್ಲಿಯೂ ಇಲ್ಲ. ಆದರೂ ಒಂದು ಕಾಸೂ ಕೂಡಿಡದೆ ಎಲ್ಲವನ್ನೂ ಸಾಲಕ್ಕೆ ಸುರಿದರೆ, ಮುಂದಿನ ತಿಂಗಳು ಜ್ವರ ಬಂದಾಗ ಅದೇ ದುಬಾರಿ ಸಾಲಕ್ಕೆ ಮರಳಬೇಕಾಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಒಂದು ತಿಂಗಳ ಖರ್ಚಿನಷ್ಟು ನಿಧಿ, ನಂತರ ದುಬಾರಿ ಸಾಲದ ತೀರುವಳಿ, ಆಮೇಲೆ ನಿಧಿಯನ್ನು ಆರು ತಿಂಗಳ ಮಟ್ಟಕ್ಕೆ ಏರಿಸುವುದು. ಮೂರು ತಿಂಗಳು ಸಾಕೆಂಬ ಸಲಹೆ ಇಬ್ಬರು ದುಡಿಯುವ ಮನೆಗೆ ಸರಿ. ಇಲ್ಲಿ ಎಣಿಸಬೇಕಾದದ್ದು ಆರು ತಿಂಗಳ ಸಂಬಳವನ್ನಲ್ಲ, ಆರು ತಿಂಗಳ ಅನಿವಾರ್ಯ ಖರ್ಚನ್ನು. ಗುರಿ ಆಗ ಅಷ್ಟು ದೂರ ಕಾಣುವುದಿಲ್ಲ.

ಸಾಲಗಳು ಹಲವಿದ್ದರೆ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ಲಾಭ, ಚಿಕ್ಕದನ್ನು ಮೊದಲು ತೀರಿಸುವುದು ಮನಸ್ಸಿಗೆ ಬಲ. ಬಡ್ಡಿದರಗಳ ನಡುವೆ ಅಂತರ ಕಡಿಮೆಯಿದ್ದಾಗ ಮಾತ್ರ ಎರಡನೆಯದನ್ನು ಆರಿಸಿಕೊಳ್ಳಿ.

ಹೊಸ ಸಾಲವನ್ನು ಹೋಲಿಸುವಾಗ ಬಡ್ಡಿಯನ್ನು ಯಾವುದರ ಮೇಲೆ ಹಾಕುತ್ತಾರೆ ಎಂದು ಕೇಳಲೇಬೇಕು. 12,000 ಸಾಲ, 12 ತಿಂಗಳ ಅವಧಿ, ಶೇ. 12ರ ‘ಸಮ ಬಡ್ಡಿ’, ಅಂದರೆ ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ, ಎಂದಿಟ್ಟುಕೊಳ್ಳೋಣ. ಬಡ್ಡಿ 1,440, ಕಂತು ತಿಂಗಳಿಗೆ 1,120. ಆದರೆ ನೀವು ಪ್ರತಿ ತಿಂಗಳೂ ಅಸಲನ್ನು ಹಿಂದಿರುಗಿಸುತ್ತಿರುವುದರಿಂದ ವರ್ಷದುದ್ದಕ್ಕೂ ನಿಮ್ಮ ಬಳಿ ಇದ್ದ ಹಣ ಸರಾಸರಿ 6,500 ಮಾತ್ರ. ಬಾಕಿ ಅಸಲಿನ ಮೇಲೆ ಎಣಿಸಿದರೆ ಈ ಬಡ್ಡಿ ಶೇ. 21ರಿಂದ 22ರಷ್ಟಾಗುತ್ತದೆ. ಬಾಕಿಯ ಮೇಲೆ ಶೇ. 16 ಬಡ್ಡಿ ಕೇಳುವ ಇನ್ನೊಂದು ಸಾಲ ದುಬಾರಿಯಂತೆ ತೋರಿದರೂ ನಿಜದಲ್ಲಿ ಅಗ್ಗ.

ವಿಮೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಉಳಿತಾಯವನ್ನೂ ರಕ್ಷಣೆಯನ್ನೂ ಬೆರೆಸಿದ ಪಾಲಿಸಿಯಲ್ಲಿ ಅದೇ ಕಂತಿಗೆ ಸಿಗುವ ರಕ್ಷಣೆ ತೀರ ಕಡಿಮೆ. ನಿಗದಿತ ಅವಧಿಯ ಶುದ್ಧ ಜೀವವಿಮೆಯಲ್ಲಿ ಹೆಚ್ಚು. ಒಂದೇ ಆದಾಯದ ಮನೆಗೆ ಬೇಕಾದದ್ದು ರಕ್ಷಣೆ. ಮನೆ ನಡೆಸುವವರಿಗೂ ವಿಮೆ ಬೇಕೇ ಎಂದರೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಕು, ಏಕೆಂದರೆ ಅವರಿಲ್ಲದಾಗ ಅವರ ಕೆಲಸಕ್ಕೆಲ್ಲ ಹಣ ತೆರಬೇಕಾಗುತ್ತದೆ.

ಮನೆಯಲ್ಲಿ ಮಾಡುವುದೋ, ಕೊಳ್ಳುವುದೋ

ಮನೆಗೆಲಸದಲ್ಲಿ ಯಾವುದು ಉತ್ಪಾದಕ ಎಂಬುದಕ್ಕೆ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲಿ ಒಂದು ಸರಳ ಪರೀಕ್ಷೆಯನ್ನು ಮುಂದಿಟ್ಟರು: ಆ ಕೆಲಸವನ್ನು ಹಣ ಕೊಟ್ಟು ಮೂರನೆಯವರಿಂದ ಮಾಡಿಸಬಹುದಾದರೆ ಅದು ಉತ್ಪಾದನೆ. ಅಡುಗೆ, ಹೊಲಿಗೆ, ಮಗುವಿನ ಪಾಲನೆ, ಲೆಕ್ಕ ಬರೆಯುವುದು ಎಲ್ಲವೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ನಿಮ್ಮ ಬದಲು ಇನ್ನೊಬ್ಬರು ನಿದ್ರೆ ಮಾಡಲಾಗದು. ಈ ಪರೀಕ್ಷೆಯಿಂದ ಹೊರಡುವ ಲೆಕ್ಕ ಎಲ್ಲರಿಗೂ ಉಪಯುಕ್ತ. ಕೊಂಡರೆ ತಗಲುವ ಬೆಲೆಯಿಂದ ಸಾಮಗ್ರಿ, ಇಂಧನ ಮತ್ತು ಸಲಕರಣೆಯ ಸವಕಳಿಯನ್ನು ಕಳೆಯಿರಿ, ಉಳಿದದ್ದನ್ನು ಕೈ ದುಡಿದ ಗಂಟೆಗಳಿಂದ ಭಾಗಿಸಿ. ಕೊಂಡರೆ 100, ಮಾಡಿದರೆ ಸಾಮಗ್ರಿಗೆ 45, ಇಂಧನ ಮತ್ತು ಸವಕಳಿಗೆ 5, ಕೆಲಸ ಒಂದೂವರೆ ಗಂಟೆ ಎಂದಾದರೆ ನಿಮ್ಮ ಗಂಟೆಯ ಗಳಿಕೆ ಸುಮಾರು 33. ಅದು ತಾನೇ ಬೇಯುವ, ಹುದುಗುವ, ಒಣಗುವ ಹೊತ್ತನ್ನು ಎಣಿಸಬೇಡಿ.

ಹೀಗೆ ನಾಲ್ಕಾರು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಚ್ಚರಿಗಳು ಕಾದಿರುತ್ತವೆ. ದಿನದ ಅಡುಗೆ ಸಾಮಾನ್ಯವಾಗಿ ಮುಂದೆ ನಿಲ್ಲುತ್ತದೆ, ಅದರಲ್ಲೂ ಒಮ್ಮೆಗೆ ಹೆಚ್ಚು ಮಾಡಿ ಎರಡು ಹೊತ್ತಿಗೆ ಬಳಸಿದಾಗ. ಹರಿದದ್ದನ್ನು ಹೊಲಿಯುವುದು ಲಾಭ, ಬಟ್ಟೆ ಕೊಂಡು ಹೊಸ ಉಡುಪು ಹೊಲಿಯುವುದು ಅನೇಕ ಸಲ ಲಾಭವಲ್ಲ. ಕುಂಡಗಳಲ್ಲಿ ಬೆಳೆಯುವುದಾದರೆ ಬೇಗ ಬೆಳೆದು ಬೇಗ ಬಾಡುವ ಸೊಪ್ಪುಗಳಿಗೆ ಅರ್ಥವಿದೆ. ತಿಂಗಳುಗಟ್ಟಲೆ ಜಾಗ ಹಿಡಿದು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಡ್ಡೆಗಳಿಗೆ ಅಷ್ಟಿಲ್ಲ. ಗಿಡದ ಜೊತೆ ಕಳೆಯುವ ಹೊತ್ತು ಸಂತೋಷ ಕೊಡುವುದಾದರೆ ಅದನ್ನು ಲೆಕ್ಕದಿಂದ ಹೊರಗಿಡಿ, ಸಂತೋಷಕ್ಕೆ ಗಂಟೆಯ ಕೂಲಿ ಕಟ್ಟುವ ಅಗತ್ಯವಿಲ್ಲ. ಗಂಟೆಗೆ ತೀರ ಕಡಿಮೆ ಉಳಿಸುವ, ಮನಸ್ಸಿಗೂ ಒಗ್ಗದ ಕೆಲಸಗಳನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಬಿಡಬೇಕು; ಮನೆಯಲ್ಲಿರುವವರು ದಣಿದು ಹಾಸಿಗೆ ಹಿಡಿದರೆ ಆ ಬಂಡವಾಳವೂ ಕರಗಿದಂತೆ.

ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡಿದರೆ ಬರುವ ಪ್ರಶ್ನೆ, ಎರಡನೆಯವರೂ ದುಡಿಯಬೇಕೇ ಎಂಬುದು. ಹೊಸ ಸಂಬಳದಿಂದ ತೆರಿಗೆ, ಪ್ರಯಾಣ, ಮಗುವಿನ ಪಾಲನೆಯ ಶುಲ್ಕ, ಸಿದ್ಧ ಆಹಾರಕ್ಕೆ ಏರುವ ಖರ್ಚು, ಮನೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಹೊರಗೆ ಕೊಡುವ ಹಣ ಇವನ್ನು ಕಳೆದರೆ ಎಷ್ಟೋ ಮನೆಗಳಲ್ಲಿ ಉಳಿಯುವುದು ಬಹಳ ಕಡಿಮೆ. ಇಷ್ಟಕ್ಕೆ ಲೆಕ್ಕ ನಿಲ್ಲಿಸಿ ‘ದುಡಿಯದಿರುವುದೇ ಲಾಭ’ ಎನ್ನುವವರು ಅರ್ಧ ಪುಟವನ್ನಷ್ಟೇ ಓದಿದಂತೆ. ಕೆಲಸದ ಅನುಭವ, ಮುಂದಿನ ಬಡ್ತಿ, ನಿವೃತ್ತಿಯ ಉಳಿತಾಯ, ಒಬ್ಬರ ಆದಾಯ ನಿಂತಾಗ ಇನ್ನೊಂದು ಇರುವ ಭದ್ರತೆ ಇವೂ ಆ ಸಂಬಳದ ಭಾಗಗಳೇ. ಗಂಡು ಹೆಣ್ಣಿನ ಗಳಿಕೆಯ ಅಂತರದ ದೊಡ್ಡ ಪಾಲು ಮೊದಲ ಮಗುವಿನ ಜನನದೊಂದಿಗೆ ತೆರೆದುಕೊಳ್ಳುತ್ತದೆ ಎಂಬುದನ್ನು 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆ ಎತ್ತಿ ತೋರಿಸಿದೆ. ಐದು ವರ್ಷ ಬಿಟ್ಟ ಕೆಲಸಕ್ಕೆ ಮರಳುವುದು ಐದು ತಿಂಗಳು ಬಿಟ್ಟ ಕೆಲಸಕ್ಕೆ ಮರಳಿದಷ್ಟು ಸುಲಭವಲ್ಲ. ಹಾಗಾಗಿ ಒಂದೇ ಆದಾಯವನ್ನು ಬೇಕೆಂದೇ ಆರಿಸಿಕೊಂಡವರು ಮನೆಯಲ್ಲಿ ಉಳಿದವರ ಹೆಸರಿನಲ್ಲಿ ನಿವೃತ್ತಿಯ ಉಳಿತಾಯವನ್ನು ಅಂದಿನಿಂದಲೇ ಆರಂಭಿಸಬೇಕು, ವಾರಕ್ಕೆ ಕೆಲವು ಗಂಟೆಯಾದರೂ ಅವರ ವಿದ್ಯೆ ತುಕ್ಕು ಹಿಡಿಯದಂಥ ಕೆಲಸಕ್ಕೆ ಬಿಡುವು ಮಾಡಿಕೊಡಬೇಕು. ಇದನ್ನು ಬಿಟ್ಟುಕೊಟ್ಟ ಉಳಿತಾಯ, ನನ್ನ ದೃಷ್ಟಿಯಲ್ಲಿ, ಒಬ್ಬರ ಮುಪ್ಪಿನಿಂದ ತೆಗೆದ ಕೈಸಾಲ.

ಕೊಳ್ಳುವಾಗ ಮತ್ತು ಬಳಸುವಾಗ

ದೊಡ್ಡ ಪೊಟ್ಟಣ ಅಗ್ಗವೆಂಬುದು ಯಾವಾಗಲೂ ನಿಜವಲ್ಲ. ಪ್ರತಿ ಕಿಲೋ ಅಥವಾ ಲೀಟರಿನ ಬೆಲೆಯನ್ನೇ ಹೋಲಿಸಬೇಕು. ನೂರರ ವಸ್ತು ಸಗಟಿನಲ್ಲಿ 80ಕ್ಕೆ ಸಿಕ್ಕಿ, ಅದರಲ್ಲಿ ಐದನೇ ಒಂದು ಭಾಗ ಹಾಳಾದರೆ ಉಳಿದದ್ದು ನಿಮಗೆ ಬಿದ್ದದ್ದು ನೂರರ ದರದಲ್ಲೇ. ಕೆಡದ ವಸ್ತುಗಳಲ್ಲಿ ಸಗಟು, ಕೆಡುವವುಗಳಲ್ಲಿ ಚಿಲ್ಲರೆ ಎಂಬ ನಿಯಮ ಸಾಮಾನ್ಯವಾಗಿ ಸಾಕು.

ಬಾಳಿಕೆಯ ವಸ್ತುಗಳಿಗೆ ವರ್ಷದ ವೆಚ್ಚ ನೋಡಿ. ಒಂದು ವರ್ಷ ಬರುವ 600ರ ವಸ್ತುವಿಗಿಂತ ನಾಲ್ಕು ವರ್ಷ ಬರುವ 1,500ರ ವಸ್ತು ವರ್ಷಕ್ಕೆ 375 ಆಗಿ ಅಗ್ಗ, ಅದನ್ನು ಕಂತಿನಲ್ಲಿ ಕೊಳ್ಳದಿದ್ದರೆ. ಪೀಠೋಪಕರಣ, ಪುಸ್ತಕ, ಮಕ್ಕಳ ಬಟ್ಟೆ ಇವನ್ನು ಬಳಸಿದ್ದನ್ನೇ ಕೊಳ್ಳಬಹುದು. ಹೆಲ್ಮೆಟ್ ಮತ್ತು ಮಕ್ಕಳ ಕಾರ್ ಸೀಟನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು, ಹಿಂದಿನ ಪೆಟ್ಟು ಅವುಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ.

ವಿದ್ಯುತ್ ಉಳಿಸಲು ಜನ ದೀಪಗಳ ಹಿಂದೆ ಓಡಾಡುತ್ತಾರೆ. 60 ವಾಟ್‌ನ ಹಳೆಯ ಬಲ್ಬಿನ ಬದಲು 9 ವಾಟ್‌ನ ಎಲ್‌ಇಡಿ ಹಾಕಿದರೆ, ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ, ಅದು ಮಾಡಲೇಬೇಕಾದ ಬದಲಾವಣೆ. ಅದು ಮುಗಿದ ಮೇಲೆ ದೊಡ್ಡ ಖರ್ಚು ಇರುವುದು ಶಾಖದಲ್ಲಿ. 20 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 0.58 ಯೂನಿಟ್ ಬೇಕು. ಅಷ್ಟರಲ್ಲಿ ಆ ಎಲ್‌ಇಡಿ ದೀಪ 64 ಗಂಟೆ ಉರಿಯುತ್ತದೆ. ಆದ್ದರಿಂದ ಸ್ನಾನದ ನೀರಿನ ಅಳತೆ, ಬಟ್ಟೆಯನ್ನು ತಣ್ಣೀರಿನಲ್ಲಿ ಒಗೆಯುವುದು, ಪಾತ್ರೆಗೆ ಮುಚ್ಚಳ, ಸುಮಾರು 120 ಡಿಗ್ರಿಯಲ್ಲಿ ಬೇಯಿಸಿ ಹೊತ್ತು ಉಳಿಸುವ ಪ್ರೆಷರ್ ಕುಕ್ಕರ್ ಇವುಗಳ ಕಡೆ ಗಮನ ಹರಿಸಿದರೆ, ಮಕ್ಕಳನ್ನು ದೀಪ ಆರಿಸಲಿಲ್ಲವೆಂದು ಗದರುವ ಪ್ರಸಂಗಗಳು ಕಡಿಮೆಯಾಗುತ್ತವೆ.

ಹೋಲಿಕೆಯನ್ನು ಮತ್ತೆ ಮಾಡಬೇಕಾದ ಸಂದರ್ಭಗಳು

ಮಗು ಶಾಲೆಗೆ ಸೇರಿದಾಗ, ಹಿರಿಯರ ಆರೈಕೆ ಮನೆಗೆ ಬಂದಾಗ, ಸಂಬಳ ಏರಿದಾಗ, ಸಾಲವೊಂದು ತೀರಿದಾಗ ಹಳೆಯ ಉತ್ತರಗಳು ಹಾಗೆಯೇ ಉಳಿಯುವುದಿಲ್ಲ. ಮಗು ಶಾಲೆಗೆ ಹೋಗತೊಡಗಿದರೆ ಮನೆಯಲ್ಲಿರುವವರಿಗೆ ದಿನಕ್ಕೆ ನಾಲ್ಕೈದು ಗಂಟೆ ಬಿಡುವಾಗಿ, ಎರಡನೆಯ ಆದಾಯದ ಲೆಕ್ಕವೇ ತಿರುಗಬಹುದು. ಹಿರಿಯರ ಆರೈಕೆ ಬಂದಾಗ ಗಂಟೆಗಳು ಕುಗ್ಗುವುದರಿಂದ ಮೊದಲು ಮನೆಯಲ್ಲೇ ಮಾಡುತ್ತಿದ್ದ ಕೆಲವನ್ನು ಕೊಳ್ಳುವುದೇ ಮೇಲಾಗುತ್ತದೆ. ಸಾಲ ತೀರುವ ವಿಷಯದಲ್ಲಿ ಮಾತ್ರ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟಿರಬೇಕು: ಕೊನೆಯ ಕಂತಿಗೆ ಎರಡು ತಿಂಗಳು ಇರುವಾಗಲೇ ಆ ಮೊತ್ತ ಮುಂದೆ ಆಪತ್ತಿನ ನಿಧಿಗೋ, ಮನೆಯಲ್ಲಿರುವವರ ನಿವೃತ್ತಿಯ ಖಾತೆಗೋ ಎಂದು ಇಬ್ಬರೂ ಕುಳಿತು ತೀರ್ಮಾನಿಸಿ, ಕಂತು ಕಡಿತವಾಗುತ್ತಿದ್ದ ಅದೇ ದಿನಾಂಕಕ್ಕೆ ಹೊಸ ವರ್ಗಾವಣೆಯ ಆದೇಶವನ್ನು ಬ್ಯಾಂಕಿಗೆ ಕೊಟ್ಟುಬಿಡಿ.